ಹಳ್ಳಕ್ಕೆ ಹೊಂದಿಸಿದ ಕೊಳಲು

"ಒಂದು ಕೆಲಸಕ್ಕೆ ಮನಸ್ಸನ್ನೆಲ್ಲ ಕೊಟ್ಟವನು ಉಳಿದದ್ದಕ್ಕೆ ಕಿವುಡಾದರೆ ತಪ್ಪೇ, ಗುರುಗಳೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಕೊಳಲುಗಾರನಿದ್ದ. ಊರಿನ ಹಳ್ಳ ಹುಟ್ಟಿ ಹರಿದು ನದಿ ಸೇರುವುದನ್ನೆಲ್ಲ ಒಂಟಿ ಕೊಳಲಿನಲ್ಲಿ ನುಡಿಸುವಂಥ ದೊಡ್ಡ ರಚನೆ ಮಾಡಬೇಕೆಂಬ ಹುಚ್ಚು ಅವನಿಗೆ ಹಿಡಿಯಿತು. ಅದು ಮುಗಿಯುವವರೆಗೆ ಮಾತಾಡುವುದಿಲ್ಲವೆಂದು ಮೌನವ್ರತ ಹಿಡಿದು ದಿನವೂ ದಂಡೆಯಲ್ಲಿ ಕುಳಿತ. ನೀರಿನ ಸದ್ದಿಗೆ ಶ್ರುತಿ ಹೊಂದಿಸಿ ಕೊಳಲೊಂದನ್ನು ಮಾಡಿಕೊಂಡ.

ಎರಡನೆಯ ವರ್ಷ ಶ್ರುತಿ ಕೂಡಲಿಲ್ಲ. ಹಳ್ಳದ ಸದ್ದು ತೆಳುವಾಗಿ ಸ್ವರ ಏರಿತ್ತು. ಅವನು ಗಿಡ್ಡನೆಯ ಕೊಳಲು ಮಾಡಿಕೊಂಡ. ಮೂರನೆಯ ವರ್ಷ ಅದಕ್ಕೂ ಗಿಡ್ಡದ್ದು. ಬೆಲ್ಲದ ವ್ಯಾಪಾರಿಯೊಬ್ಬ ಹಳ್ಳದ ಮೇಲ್ಗಡೆಯೇ ನೀರನ್ನು ತನ್ನ ಕಬ್ಬಿಗೆ ತಿರುಗಿಸಿಕೊಂಡಿದ್ದ. ನೀರು ಇಳಿದಷ್ಟೂ ಸದ್ದಿನ ಸ್ವರ ಏರುತ್ತಿತ್ತು. ಎಲ್ಲ ಕಣ್ಣೆದುರಿಗೇ ನಡೆದರೂ ಆ ಮಹಾನುಭಾವ ಶ್ರುತಿಯನ್ನಷ್ಟೇ ಗಮನಿಸಿದ.

ಕೆಳಗಿನ ಕೇರಿಯವರು ಪಂಚಾಯಿತಿಗೆ ಹೋದರು. ಹಳ್ಳ ಮೊದಲಿಂದಲೂ ಇಷ್ಟೇ ಎಂದು ವ್ಯಾಪಾರಿ ಸಾಧಿಸಿದ. ಪಂಚರು ಕೇರಿಗೆ ಸೇರದ ಹೊರಗಿನ ಸಾಕ್ಷಿ ಕೇಳಿದರು. ದಿನವೂ ದಂಡೆಯಲ್ಲಿ ಕುಳಿತವನು ಈ ಕೊಳಲುಗಾರನೊಬ್ಬನೇ.

ಕೇರಿಯ ಹೆಂಗಸೊಬ್ಬಳು ಬಂದು ಕೈಮುಗಿದಳು. "ಸ್ವಾಮಿ, ಮೊದಲು ಎಷ್ಟು ನೀರಿತ್ತು ಅಂತ ಒಂದು ಮಾತು ಹೇಳಿಬಿಡಿ, ಅಷ್ಟು ಸಾಕು."

ಅವನು ತುಟಿಯ ಮೇಲೆ ಬೆರಳಿಟ್ಟು ತೋರಿಸಿ ಮತ್ತೆ ಕೊಳಲೆತ್ತಿಕೊಂಡ. ವ್ಯಾಪಾರಿ ಗೆದ್ದ. ಕುಡಿಯಲು ನೀರಿಲ್ಲದೆ ಕೇರಿಯವರು ಒಬ್ಬೊಬ್ಬರಾಗಿ ಊರು ಬಿಟ್ಟರು.

ರಚನೆ ಮುಗಿಯಿತು. ಅದು ನದಿಯನ್ನು ಮುಟ್ಟಲಿಲ್ಲ, ಅಷ್ಟರಲ್ಲಿ ಹಳ್ಳವೇ ಬತ್ತಿತ್ತು. ಅರಮನೆಯಲ್ಲಿ ನುಡಿಸಿದ. ಗೇಣುದ್ದದ ಕೊಳಲಿನಲ್ಲಿ ನೀರು ಎಳೆಯಾಗಿ ನಿಂತುಹೋಗುವ ಭಾಗ ಬಂದಾಗ ಸಭೆಯೆಲ್ಲ ಅತ್ತಿತು. ಎಲ್ಲರಿಗಿಂತ ಹೆಚ್ಚು ಅತ್ತವನು ಆ ವ್ಯಾಪಾರಿ. ಶಾಲು ಹೊದಿಸಿದವನೂ ಅವನೇ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹೊರಗೆ ಆ ಹೆಂಗಸು ನಿಂತಿದ್ದಳು. ಈಗ ಅರಮನೆಯ ಅಂಗಳ ಗುಡಿಸುವುದು ಅವಳ ಕೆಲಸ.

"ಎಲ್ಲಾ ಕೇಳಿಸ್ಕೊಂಡೆ ಸ್ವಾಮಿ. ನೀರು ಎಷ್ಟೆಷ್ಟು ಇಳೀತು ಅನ್ನೋದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಅವತ್ತು ಯಾಕೆ ಹೇಳಲಿಲ್ಲ?"

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಅದಕ್ಕೆ ಅವನೇನು ಹೇಳಿದ?"

"ವ್ರತ ಮುಗಿದಿತ್ತಪ್ಪ," ಎಂದರು ಗುರುಗಳು, "ಆದರೂ ನನ್ನ ಬಾಯಿಂದ ಮಾತು ಹೊರಡಲಿಲ್ಲ."