ಎಳೆದು ಕಿತ್ತ ಬಳ್ಳಿ

“ದುಃಖ ಮನುಷ್ಯನನ್ನು ಮಾಗಿಸುತ್ತದೆ ಎನ್ನುತ್ತಾರೆ. ಇದು ನಿಜವೇ, ಗುರುಗಳೇ?”

ಕೇಳಿದವನು ಈರಯ್ಯ. ಅಣ್ಣನ ಮಣ್ಣು ಮುಗಿಸಿಕೊಂಡು ಆಗಷ್ಟೇ ಮಠಕ್ಕೆ ಮರಳಿದ್ದ. ಅಣ್ಣತಮ್ಮಂದಿರು ಮಾತು ಬಿಟ್ಟು ಬಹಳ ವರ್ಷಗಳಾಗಿದ್ದವು. ಊರಿನಲ್ಲಿ ಸಮಾಧಾನ ಹೇಳಲು ಬಂದವರೆಲ್ಲ ಈ ಒಂದೇ ಮಾತನ್ನು ಹೇಳಿ ಅವನನ್ನು ಕಳಿಸಿದ್ದರು.

ಗುರುಗಳು ಅವನನ್ನು ಕೂರಿಸಿ ನೀರು ಕೊಟ್ಟರು. ಅವನು ಕುಡಿದ ಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಾಳಿನ ವ್ಯಾಪಾರಿಯಿದ್ದ. ಕೆಟ್ಟವನಲ್ಲ. ತೂಕದಲ್ಲಿ ಮೋಸ ಮಾಡಿದವನಲ್ಲ, ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದವನಲ್ಲ. ಅವನ ಮನೆ ಮಣ್ಣಿನ ಗೋಡೆಯದು, ಮೇಲೆ ಸುಣ್ಣದ ಗಾರೆ. ಪಕ್ಕದ ಮನೆಯಲ್ಲಿ ಹೊನ್ನವ್ವ ಎಂಬ ವಿಧವೆ ಒಬ್ಬಳೇ ಇದ್ದಳು. ಅವಳು ಹಿತ್ತಿಲಲ್ಲಿ ನೆಟ್ಟ ಒಂದು ಬಳ್ಳಿ ಬೇಲಿ ದಾಟಿ ವ್ಯಾಪಾರಿಯ ಮನೆಯ ಹೊರಗೋಡೆಗೆ ಹತ್ತಿತ್ತು. ಅದು ಹಂದರ ಬೇಡದ ಬಳ್ಳಿ. ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು ಗೋಡೆಯನ್ನೇ ಹಿಡಿದುಕೊಳ್ಳುವಂಥದು. ಬೇಸಿಗೆಯಲ್ಲಿ ಮನೆ ತಂಪಾಗಿರುತ್ತದೆ ಎಂದು ವ್ಯಾಪಾರಿಯ ಹೆಂಡತಿಗೆ ಅದರ ಮೇಲೆ ಪ್ರೀತಿ. ವ್ಯಾಪಾರಿಯೂ ಬೇಡವೆಂದಿರಲಿಲ್ಲ.

ಹೀಗಿರುವಾಗ ಅವನ ಮಗಳಿಗೆ ದೊಡ್ಡ ಮನೆತನದ ಸಂಬಂಧ ಬಂತು. ಹೆಣ್ಣು ನೋಡಲು ಬರುವ ದಿನ ಗೊತ್ತಾಯಿತು. ಅಂದಿನಿಂದ ವ್ಯಾಪಾರಿ ತನ್ನ ಮನೆಯನ್ನು ಬೀಗರ ಕಣ್ಣಿನಿಂದ ನೋಡತೊಡಗಿದ. ಹೊಸ್ತಿಲು ಸವೆದಂತೆ ಕಂಡಿತು. ಬಾಗಿಲು ಕುಳ್ಳಾದಂತೆ ಕಂಡಿತು. ಬಳ್ಳಿ ಹಬ್ಬಿದ ಗೋಡೆಯಂತೂ ಪಾಳುಬಿದ್ದ ಮನೆಯ ಗೋಡೆಯಂತೆಯೇ ಕಂಡಿತು. ಅದನ್ನು ತೆಗೆಸಿ ಗೋಡೆಗೆ ಸುಣ್ಣ ಬಳಿಯಲೇಬೇಕೆಂದು ಹೊನ್ನವ್ವನ ಮನೆಗೆ ಹೋದ.

ಹೊನ್ನವ್ವ ಎದುರು ಮಾತಾಡಲಿಲ್ಲ. ಕುಡುಗೋಲು ತಂದು ಅವನ ಮುಂದೆಯೇ ಬಳ್ಳಿಯ ಬುಡ ಕೊಯ್ದಳು.

“ಇನ್ನು ಇದು ಬದುಕುವುದಿಲ್ಲ,” ಎಂದಳು. “ಆದರೆ ಈಗಲೇ ಎಳೆಯಬೇಡಿ. ಹಸಿಬೇರು ಗಾರೆಯನ್ನೂ ಕಿತ್ತುಕೊಂಡು ಬರುತ್ತದೆ. ಒಣಗಲಿ. ಒಣಗಿದರೆ ಹಿಡಿತ ಸಡಿಲವಾಗುತ್ತದೆ, ಆಗ ಮೆಲ್ಲಗೆ ಬಿಡಿಸೋಣ. ನಾನೂ ಬಂದು ಕೈ ಹಾಕುತ್ತೇನೆ.”

“ಒಣಗುವವರೆಗೆ ಕಾಯಲು ನಿನಗೇನು? ಬೀಗರು ಬರುವುದು ನಿನ್ನ ಮನೆಗಲ್ಲ, ನನ್ನ ಮನೆಗೆ,” ಎಂದ ವ್ಯಾಪಾರಿ.

ಮರುದಿನ ಅಂಗಡಿ ತೆರೆಯಲಿಲ್ಲ. ಪಂಚೆ ಎತ್ತಿ ಕಟ್ಟಿ ತಾನೇ ಬಳ್ಳಿಗೆ ಕೈ ಹಾಕಿದ. ಮೊದಲಿನ ಎಳೆಗಳು ಸಲೀಸಾಗಿ ಬಂದವು. ಹೊನ್ನವ್ವನಿಗೆ ಏನೂ ತಿಳಿಯದು ಎಂದುಕೊಂಡ. ಆಮೇಲೆ ಒಂದು ದಪ್ಪ ಎಳೆಯನ್ನು ಜಗ್ಗಿದಾಗ ಮೊರದಷ್ಟು ಅಗಲದ ಗಾರೆ ಕಳಚಿ ಅವನ ಕಾಲ ಬಳಿ ಬಿತ್ತು. ಒಳಗಿನ ಮಣ್ಣು ಕಂಡಿತು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅರ್ಧ ಹಸಿರು, ಅರ್ಧ ಮಣ್ಣು ಇರುವ ಗೋಡೆ ಮೊದಲಿಗಿಂತ ಅಸಹ್ಯವಾಗಿ ಕಂಡಿತು. ಅವನಿಗೆ ಸಿಟ್ಟು ಬಂತು. ಸಿಟ್ಟು ಬಂದ ಕೈ ಇನ್ನೂ ಜೋರಾಗಿ ಎಳೆಯಿತು. ಹೆಂಡತಿ ಬಂದು ಸಾಕು ಎಂದಳು. ಅವನು ಅವಳ ಕಡೆ ತಿರುಗಲಿಲ್ಲ. ಸಂಜೆಯ ಹೊತ್ತಿಗೆ ಬಳ್ಳಿಯೆಲ್ಲ ನೆಲಕ್ಕೆ ಬಂದಿತ್ತು, ಗಾರೆಯೂ ಬಂದಿತ್ತು. ಗೋಡೆ ಚರ್ಮ ಸುಲಿದ ಮೈಯಂತೆ ನಿಂತಿತ್ತು.

ಬೀಗರು ಬಂದರು. ಮುಂಬಾಗಿಲಿನಿಂದ ಬಂದು ಪಡಸಾಲೆಯಲ್ಲಿ ಕುಳಿತರು. ಹುಡುಗಿಯನ್ನು ನೋಡಿದರು, ಹೋಳಿಗೆ ಉಂಡರು, ಒಪ್ಪಿಗೆ ಹೇಳಿ ಹೋದರು. ಆ ಗೋಡೆಯ ಕಡೆ ಯಾರೂ ಹೋಗಲಿಲ್ಲ.

ಸಂಬಂಧ ಕುದುರಿತು. ವ್ಯಾಪಾರಿ ಗೋಡೆಯನ್ನು ಮರೆಯಬಹುದಿತ್ತು. ಆದರೆ ಹಿತ್ತಿಲಿಗೆ ಹೋದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು. ನೋಡಿದಾಗಲೆಲ್ಲ, ಇದನ್ನು ಮಾಡಿದ್ದು ನಾನೇ ಎಂಬುದು ಗಂಟಲಿಗೆ ಮುಳ್ಳಿನಂತೆ ಸಿಕ್ಕಿಕೊಳ್ಳುತ್ತಿತ್ತು. ಒಂದು ದಿನ ಹಾಗೆ ನಿಂತಿದ್ದಾಗ ಅವನಿಗೆ ಇನ್ನೊಂದು ಯೋಚನೆ ಹೊಳೆಯಿತು. ಬಳ್ಳಿ ನೆಟ್ಟವನು ನಾನಲ್ಲವಲ್ಲ. ಅವಳು ನೆಡದಿದ್ದರೆ ನಾನೇಕೆ ಕೀಳುತ್ತಿದ್ದೆ? ಮುಳ್ಳು ಜಾರಿದಂತಾಯಿತು. ಅಂದು ಅವನು ಹೊಟ್ಟೆ ತುಂಬ ಉಂಡ.

ಊರ ಹಿರಿಯರ ಬಳಿ ಹೋಗಿ ದೂರು ಕೊಟ್ಟ. ಹೊನ್ನವ್ವನ ಬಳ್ಳಿ ತನ್ನ ಗೋಡೆಯನ್ನು ಹಾಳುಮಾಡಿದೆ, ಅವಳೇ ಗಾರೆ ಮಾಡಿಸಿಕೊಡಬೇಕು ಎಂದ. ಹಿರಿಯರು ಬಿತ್ತನೆಯ ಸಿದ್ಧತೆಯ ಗಡಿಬಿಡಿಯಲ್ಲಿದ್ದರು. ಬಿತ್ತನೆ ಮುಗಿಯಲಿ, ಬಂದು ಗೋಡೆ ನೋಡಿ ಹೇಳುತ್ತೇವೆ ಎಂದರು.

ಪಡುವಣದಲ್ಲಿ ಮೋಡ ಕಟ್ಟಿತು. ಹೆಂಡತಿ ಹೇಳಿದಳು, “ಹಿರಿಯರು ಬರುವಾಗ ಬರಲಿ. ಮೊದಲು ಗೋಡೆಗೆ ಒಂದಿಷ್ಟು ಮಣ್ಣಾದರೂ ಮೆತ್ತಿಸಿ.”

“ಮೆತ್ತಿಸಿದರೆ ಅವರು ಬಂದಾಗ ಏನು ತೋರಿಸಲಿ?”

ಹೀಗೆ ಗೋಡೆ ಸಾಕ್ಷಿಯಾಗಿ ಬೆತ್ತಲೆ ನಿಂತಿತು. ಮೊದಲ ಮಳೆಗೆ ಅಲ್ಲಲ್ಲಿ ಮಣ್ಣು ಇಳಿಯಿತು. ಅದನ್ನು ಕಂಡು ಹೊನ್ನವ್ವ ಹೊಟ್ಟು ಸೇರಿಸಿ ತುಳಿದ ಕೆಸರನ್ನು ಬುಟ್ಟಿಯಲ್ಲಿ ಹೊತ್ತುಕೊಂಡು ಬಂದಳು. ವ್ಯಾಪಾರಿ ಬೇಲಿಯ ಹತ್ತಿರವೇ ಅವಳನ್ನು ತಡೆದ.

“ಸಾಕ್ಷಿ ಅಳಿಸಲು ಬಂದೆಯಾ?”

ಹೊನ್ನವ್ವ ಬುಟ್ಟಿ ಇಳಿಸಿ ಬೇಲಿಯಾಚೆಯ ಗೋಡೆಯನ್ನು ನೋಡಿದಳು. ಮತ್ತೆ ಅದನ್ನು ಹೊತ್ತುಕೊಂಡು ಹೋದಳು. ವ್ಯಾಪಾರಿಯ ಹೆಂಡತಿಯೂ ಮಗಳೂ ಹಿತ್ತಿಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಆಮೇಲೆ ಜಡಿಮಳೆ ಹಿಡಿಯಿತು. ಬಿಸಿಲು ಮೂಡಲಿಲ್ಲ. ಗೋಡೆ ನೀರು ಕುಡಿಯುತ್ತ ಹೋಯಿತು. ಒಂದು ಮಧ್ಯಾಹ್ನ ವ್ಯಾಪಾರಿಯ ಹೆಂಡತಿ ಒಳಗೆ ಅದೇ ಗೋಡೆಯ ಪಕ್ಕದಲ್ಲಿ ಕುಳಿತು ಮಗಳ ಮದುವೆಗೆಂದು ಬೇಳೆ ಆರಿಸುತ್ತಿದ್ದಳು. ಗೋಡೆ ಒಳಮುಖವಾಗಿ ಕುಸಿಯಿತು.

ಅಂಗಡಿಯಲ್ಲಿದ್ದ ವ್ಯಾಪಾರಿ ಸದ್ದು ಕೇಳಿ ಓಡಿಬಂದ. ಅವನಿಗಿಂತ ಮೊದಲೇ ಹೊನ್ನವ್ವ ಬಂದಿದ್ದಳು. ಬರಿಗೈಯಲ್ಲಿ ಮಣ್ಣು ಬಗೆಯುತ್ತಿದ್ದಳು. ಅವನೂ ಬಗೆದ. ಇಬ್ಬರ ಕೈಗಳೂ ಒಂದೇ ಗುಂಡಿಯಲ್ಲಿದ್ದವು. ಹೆಂಡತಿಯನ್ನು ಹೊರಗೆ ತೆಗೆದಾಗ ಉಸಿರಿರಲಿಲ್ಲ.

ವ್ಯಾಪಾರಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಅವನ ಎದೆಯೊಳಗೆ ಏನೋ ಏಳತೊಡಗಿತು. ಅದು ಬಾಯಿಗೆ ಬರುವ ಮೊದಲೇ ಎದುರಿಗೆ ಹೊನ್ನವ್ವನ ಕೆಸರಾದ ಕೈಗಳು ಕಂಡವು.

“ನಿನ್ನ ಬಳ್ಳಿ ನನ್ನವಳನ್ನು ತಿಂದಿತು,” ಎಂದ.

ಊರಿನವರು ಸುತ್ತ ನೆರೆದಿದ್ದರು. ಬಳ್ಳಿ ಎಳೆದವರು ಯಾರೆಂದು ಅವರಿಗೆ ಗೊತ್ತಿತ್ತು. ಕೆಸರಿನ ಬುಟ್ಟಿ ಹಿಂದಕ್ಕೆ ಹೋದದ್ದನ್ನು ಕೆಲವರು ಕಣ್ಣಾರೆ ಕಂಡಿದ್ದರು. ಆದರೆ ಹೆಂಡತಿಯ ಹೆಣ ಮಡಿಲಲ್ಲಿಟ್ಟುಕೊಂಡವನ ಜೊತೆ ವಾದ ಮಾಡುವುದು ಹೇಗೆ? ಅಳುವವನ ಮಾತಿಗೆ ಎದುರು ಹೇಳಬಾರದೆಂದು ಎಲ್ಲರೂ ಸುಮ್ಮನಾದರು. ಅಂದು ಸುಮ್ಮನಿದ್ದವರಿಗೆ ಮರುದಿನ ಬಾಯಿ ತೆರೆಯಲು ಕಾರಣ ಸಿಗಲಿಲ್ಲ. ಹಿರಿಯರು ಬಂದು ನೋಡುವುದಕ್ಕೆ ಗೋಡೆಯೂ ಉಳಿದಿರಲಿಲ್ಲ. ಬಾವಿಯ ಕಟ್ಟೆಯಲ್ಲಿ ಹೆಂಗಸರು ಹೊನ್ನವ್ವನಿಂದ ದೂರ ಸರಿದು ನಿಂತರು. ಒಲೆಗೆ ಕೆಂಡ ಕೇಳಿದರೆ ಇಲ್ಲವೆಂದರು. ಅವಳು ಮನೆಗೆ ಬೀಗ ಹಾಕಿ, ಗಂಟು ಹೊತ್ತುಕೊಂಡು ತಮ್ಮನ ಊರಿಗೆ ಹೋದಳು. ಅಲ್ಲಿ ಹೇಗಿದ್ದಳೋ ಯಾರೂ ವಿಚಾರಿಸಲಿಲ್ಲ.

ವ್ಯಾಪಾರಿಯ ದುಃಖ ಸುಳ್ಳಲ್ಲ. ಅವನು ಸೊರಗಿದ. ಮಗಳ ಮದುವೆಯಲ್ಲಿ ಹೆಂಡತಿ ಕೂರಬೇಕಾದ ಜಾಗ ನೋಡಿ ಎಲ್ಲರೆದುರು ಅತ್ತ. ಅವಳ ಹೆಸರಿನಲ್ಲಿ ವರ್ಷವರ್ಷವೂ ಅನ್ನ ಹಾಕಿಸಿದ. ಅವನ ದನಿ ಮೆತ್ತಗಾಯಿತು, ಯಾರ ಮೇಲೂ ರೇಗುತ್ತಿರಲಿಲ್ಲ. ದುಃಖ ಅವನನ್ನು ಮಾಗಿಸಿತು ಎಂದು ಜನ ಮಾತಾಡಿಕೊಂಡರು. ಮನೆಯಲ್ಲಿ ಸಾವಾದವರನ್ನು ಅವನ ಬಳಿಗೆ ಕರೆತಂದು ಕೂರಿಸುತ್ತಿದ್ದರು. ಅವನು ಅವರ ಕೈ ಹಿಡಿದುಕೊಂಡು, ಪಕ್ಕದ ಮನೆಯವಳ ಬಳ್ಳಿ ತನ್ನ ಸಂಸಾರವನ್ನು ಹೇಗೆ ಕೆಡವಿತೆಂದು ಹೇಳುತ್ತಿದ್ದ. ಹೇಳಿ ಹೇಳಿ, ಗೋಡೆ ಬೀಳುವಾಗ ಅದರ ತುಂಬ ಹಸಿರು ಬಳ್ಳಿ ಇದ್ದದ್ದು ಅವನ ಕಣ್ಣಿಗೇ ಕಟ್ಟಿದಂತಾಯಿತು. ಮಗಳು ಮಾತ್ರ ಕ್ರಮೇಣ ತವರಿಗೆ ಬರುವುದನ್ನು ಬಿಟ್ಟಳು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಈರಯ್ಯನಿಗೆ ತಡೆಯಲಾಗಲಿಲ್ಲ.

“ಹೊನ್ನವ್ವ ಮೊದಲೇ ಎಚ್ಚರಿಸಿದ್ದಳು ಎಂದು ಅವನಿಗೆ ಯಾರೊಬ್ಬರೂ ನೆನಪಿಸಲಿಲ್ಲವೇ?”

“ಮಗಳು ನೆನಪಿಸಿದಳು,” ಎಂದರು ಗುರುಗಳು. “‘ಅವಳು ಹೇಳಿದ್ದೇನೋ ನಿಜ, ಇನ್ನಷ್ಟು ಗಟ್ಟಿಯಾಗಿ ಹೇಳಬೇಕಿತ್ತು’ ಎಂದ.”