ಮರೆಗುಳಿ ಪೆಟ್ಟಿಗೆ

ಬನ್ನಿ, ಕಾಲು ಚಾಚಿ ಕೂತ್ಕೊಂಡು ಕೇಳಿ. ನಾನು ಕಾಲೇಜಲ್ಲಿ ಕಸ ಗುಡಿಸ್ತಿದ್ದ ಕಾಲ. ಅಲ್ಲೊಂದು ಪ್ರಾಕ್ಸಿ ಸರ್ವರ್ ಪೆಟ್ಟಿಗೆ. ಒಬ್ಬರು ನೋಡಿದ ಇಂಟರ್ನೆಟ್ ಪುಟವನ್ನ ನೆನಪಿಟ್ಟುಕೊಂಡು, ಇನ್ನೊಬ್ಬರು ಕೇಳಿದಾಗ ತಟ್ಟನೆ ಕೊಡೋದು ಅದರ ಕೆಲಸ. ಆದರೆ ಅದಕ್ಕೆ ಏನೂ ನೆನಪಿರ್ತಿರಲಿಲ್ಲ. ಪ್ರತಿ ಸಲವೂ ಹೊರಗಿಂದಲೇ ತರೋದು, ಅದಕ್ಕೇ ಎಲ್ಲ ನಿಧಾನ.

ಪ್ರಿನ್ಸಿಪಾಲ್ ವೃಷಭೇಂದ್ರಪ್ಪ ಅದನ್ನ ನೋಡ್ಕೊಳ್ಳೋ ಗುಮಾಸ್ತೆಯನ್ನ ಎಲ್ಲರೆದುರು ಬೈದರು. "ನಾಳೆ ಸರಿಯಾಗದಿದ್ರೆ ಕೆಲಸ ಬಿಡಮ್ಮ."

"ಆಗಲಿ ಸರ್. ಇದರ ನೆನಪು ಅಳಿಸ್ತಿರೋರು ಸಿಕ್ಕರೆ ಏನು ಶಿಕ್ಷೆ?"

"ಪ್ರಾರ್ಥನೆ ಹೊತ್ತಲ್ಲಿ ನಿಂತು ಕ್ಷಮೆ ಕೇಳಲಿ." ಹಾಗಂತ ಬರೆದು ಸಹಿಯನ್ನೂ ಹಾಕಿದರು.

ಅವಳು ಕಾಗದ ಮಡಚಿಟ್ಟುಕೊಂಡಳು. "ಕರೆಂಟ್ ಹೋದರೆ ಇದರ ನೆನಪೆಲ್ಲ ಹೋಗ್ತದೆ ಸರ್. ಉಳಿತಾಯ ಅಂತ ಪ್ರತಿ ಪೀರಿಯಡ್ ಮುಗಿದಾಗ ಇದರ ಸ್ವಿಚ್ ಆರಿಸಿ, ಆಮೇಲೆ ಹಾಕೋರು ಯಾರು?"

ಎಲ್ಲರೂ ನನ್ನ ಕಡೆ ನೋಡಿದರು. ನಾನು ಪೊರಕೆ ನೋಡಿದೆ. ವೃಷಭೇಂದ್ರಪ್ಪನವರ ಮುಖ ಕೆಂಪಾಯ್ತು. "ನಾನೇ," ಅಂದರು, ಕೇಳಿಸೀತೋ ಇಲ್ಲವೋ ಅನ್ನೋ ಹಾಗೆ.

ಮಾರನೇ ದಿನ ತಲೆತಗ್ಗಿಸಿ ಕ್ಷಮೆ ಕೇಳಿದರು. ಮತ್ತೆ ಆ ರೂಮಿನತ್ತ ಸುಳಿಯಲಿಲ್ಲ. ಪೆಟ್ಟಿಗೆ ಚುರುಕಾಯ್ತು. ಗುಮಾಸ್ತೆ ಆಫೀಸಿಗೇ ಮೇಲ್ವಿಚಾರಕಿಯಾದಳು. ನಾನೋ, ಪ್ರಿನ್ಸಿಪಾಲರು ಸ್ವಿಚ್ ಆರಿಸೋದನ್ನ ದಿನಾ ನೋಡಿಯೂ ಹೆದರಿ ಸುಮ್ಮನಿದ್ದವಳು. ಅವಳು ಎದುರಾದರೆ ಇವತ್ತಿಗೂ ಮುಖಕ್ಕೆ ಸೆರಗು ಎಳ್ಕೊಳ್ತೀನಿ.