ಗ್ರಹಣ ಕಂಡ ಪ್ರಾಧ್ಯಾಪಕಿ

“ಗುರುಗಳೇ, ವಿಜ್ಞಾನದ ದಾರಿಯೂ ಧರ್ಮದ ದಾರಿಯೂ ಎಲ್ಲಿ ಬೇರೆಯಾಗುತ್ತವೆ?” ಎಂದು ಶಿಷ್ಯ ಚೆನ್ನವೀರ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಪ್ರಾಧ್ಯಾಪಕಿ ಇದ್ದರು. ಈ ಎರಡರ ನಡುವಿನ ಸಂಬಂಧವನ್ನು ಅಭ್ಯಾಸ ಮಾಡುವುದೇ ಅವರ ಬದುಕಿನ ಕೆಲಸ. ‘ವಿಜ್ಞಾನ ಹೇಗೆ ಎಂದು ಕೇಳುತ್ತದೆ, ಧರ್ಮ ಯಾಕೆ ಎಂದು ಕೇಳುತ್ತದೆ; ಆದ್ದರಿಂದ ಜಗಳವಿಲ್ಲ’ ಎಂದು ಅವರು ಬರೆದರು. ಆ ಮಾತು ಎಲ್ಲರಿಗೂ ಹಿಡಿಸಿತು. ವಿಶ್ವವಿದ್ಯಾಲಯ ಪೀಠ ಕೊಟ್ಟಿತು, ಮಠಗಳು ಶಾಲು ಹೊದಿಸಿದವು.

ಅವರು ನಿವೃತ್ತರಾಗುವ ವರ್ಷ ಪೂರ್ಣ ಸೂರ್ಯಗ್ರಹಣ ಬಂತು. ಕೊನೆಯ ಉಪನ್ಯಾಸಕ್ಕೆ ಒಳ್ಳೆಯ ಉದಾಹರಣೆ ಸಿಕ್ಕೀತೆಂದು ಅವರು ನದಿಯ ದಡಕ್ಕೆ ಹೋದರು. ದಡದ ಮೇಲೆ ಒಬ್ಬ ತರುಣ ಖಗೋಳ ವಿಜ್ಞಾನಿ ದೂರದರ್ಶಕ ಹೂಡಿ ಕಾದಿದ್ದ. ನೀರಿನಲ್ಲಿ ಒಬ್ಬ ಮುದುಕಿ ನಿಂತು ಜಪ ಮಾಡುತ್ತಿದ್ದಳು.

ಸೂರ್ಯ ಪೂರ್ತಿ ಮರೆಯಾದ. ಹಗಲಿನಲ್ಲೇ ನಕ್ಷತ್ರಗಳು ಮೂಡಿದವು. ವಿಜ್ಞಾನಿಯ ಕೈ ಉಪಕರಣದಿಂದ ಜಾರಿತು. ಮುದುಕಿಯ ಜಪ ನಿಂತಿತು. ತಾವು ಬಂದದ್ದು ಯಾವುದಕ್ಕೆಂದೇ ಪ್ರಾಧ್ಯಾಪಕಿಗೆ ಮರೆತುಹೋಯಿತು.

ಬೆಳಕು ಮರಳಿದ ಮೇಲೆ ಮುದುಕಿ ಒದ್ದೆ ಸೀರೆಯಲ್ಲೇ ದಡ ಹತ್ತಿ ಬಂದು ವಿಜ್ಞಾನಿಯನ್ನು ಕೇಳಿದಳು: “ಅಷ್ಟು ಸಣ್ಣ ಚಂದ್ರ ಅಷ್ಟು ದೊಡ್ಡ ಸೂರ್ಯನನ್ನ ಹೇಗಪ್ಪಾ ಮುಚ್ಚಿಬಿಟ್ಟ?”

ವಿಜ್ಞಾನಿ ಕಣ್ಣೊರೆಸಿಕೊಂಡು ಹೇಳಿದ: “ಅದನ್ನ ಹೇಳಿಕೊಡ್ತೀನಮ್ಮ. ಆದರೆ ಇದು ಇಷ್ಟು ಚೆಂದ ಯಾಕಿದೆ, ನೋಡೋದಕ್ಕೆ ನಾನ್ಯಾಕೆ ಇದ್ದೀನಿ, ಅದು ನನಗೂ ಗೊತ್ತಿಲ್ಲ.”

ಪ್ರಾಧ್ಯಾಪಕಿ ಎರಡೂ ಮಾತು ಕೇಳಿಸಿಕೊಂಡರು. ಹೇಗೆ ಎಂದವಳು ಭಕ್ತೆ. ಯಾಕೆ ಎಂದವನು ವಿಜ್ಞಾನಿ. ತಮ್ಮ ಇಡೀ ಬದುಕು ಯಾವ ಮಾತಿನ ಮೇಲೆ ನಿಂತಿತ್ತೋ ಆ ಮಾತು ಅಲ್ಲೇ ಕುಸಿಯಿತು. ಅವರಿಗೆ ದುಃಖವಾಗಬೇಕಿತ್ತು, ಆಗಲಿಲ್ಲ. ಎದೆ ಹಗುರಾಗಿತ್ತು.

ಕೊನೆಯ ಉಪನ್ಯಾಸದ ದಿನ ತುಂಬಿದ ಸಭೆಯ ಮುಂದೆ “ನಾನು ಬರೆದದ್ದು ಸಾಲದು” ಎಂದಷ್ಟೇ ಹೇಳಿ ಕೆಳಗಿಳಿದರು. ಕೆಲವರು ನಕ್ಕರು, ಶಾಲು ಹೊದಿಸಿದ್ದವರು ಮುನಿಸಿಕೊಂಡರು. ಮರುವರ್ಷ ಅವರು ಎಳೆಯ ವಿದ್ಯಾರ್ಥಿಗಳ ನಡುವೆ ಬೆಂಚಿನಲ್ಲಿ ಕುಳಿತು ಖಗೋಳಶಾಸ್ತ್ರದ ಮೊದಲ ಪಾಠ ಕೇಳುತ್ತಿದ್ದರು.

ಕತೆ ಅಲ್ಲಿಗೆ ನಿಂತಿತು. ಚೆನ್ನವೀರನಿಗೆ ಸಮಾಧಾನವಾಗಲಿಲ್ಲ. “ಹಾಗಾದರೆ ಎರಡೂ ಎಲ್ಲಿ ಬೇರೆಯಾಗುತ್ತವೆ ಎಂಬುದು ಅವರಿಗೂ ತಿಳಿಯಲಿಲ್ಲವೇ?” ಎಂದ.

“ಸೂರ್ಯ ಮರೆಯಾಗಿದ್ದಾಗ ಆ ದಡದಲ್ಲಿದ್ದ ಬೆರಗಿನಲ್ಲಿ ವಿಜ್ಞಾನದ್ದೆಷ್ಟು, ಧರ್ಮದ್ದೆಷ್ಟು, ನೀನೇ ಬೇರೆ ಮಾಡಿ ಹೇಳು” ಎಂದರು ಗುರುಗಳು.